ಉಸ್ತಾದರ ಮಗ್ಗುಲಲ್ಲಿ ಒಂದು ಜಾಗ

ಬೈಲಹೊಂಗಲದಲ್ಲಿ ಒಂದು ಮದುವೆಯ ಮೆರವಣಿಗೆ. ಮುಂದೆ ಬ್ಯಾಂಡಿನವರು, ಹಿಂದೆ ಬೀಗರು, ಅವರ ನಡುವೆ ನಾವು. ಕ್ಲಾರಿನೆಟ್ ಊದುತ್ತಿದ್ದ ಹಿರಿಯರ ಬಗಲಿಗೇ ಒಬ್ಬ ಹುಡುಗ ಗಿಲಕಿ ಅಲ್ಲಾಡಿಸುತ್ತ ನಡೆಯುತ್ತಿದ್ದ. ಹನ್ನೆರಡೋ ಹದಿಮೂರೋ ವಯಸ್ಸು. ದೊಡ್ಡವರಿಗೆ ಹೊಲಿಸಿದ ಕೆಂಪು ಕೋಟು ಅವನ ಮೊಣಕಾಲಿನವರೆಗೆ ಇಳಿದಿತ್ತು. ಕೈ ತನ್ನಷ್ಟಕ್ಕೆ ಗಿಲಕಿ ಆಡಿಸುತ್ತಿದ್ದರೂ ಕಣ್ಣು ಮಾತ್ರ ದಾರಿಯುದ್ದಕ್ಕೂ ಆ ಹಿರಿಯರ ಬೆರಳುಗಳ ಮೇಲೆಯೇ ಇತ್ತು. ಊಟದ ಹೊತ್ತಿನಲ್ಲಿ ಅವನನ್ನು ಹತ್ತಿರ ಕರೆದು ಕೇಳಿದೆವು.

'ಅದನ್ನ ಊದಾಕ ಬರ್ತದೇನಪಾ ನಿನಗ?'

'ನೋಡಿ ನೋಡಿ ಒಂದೀಟು ಬರ್ತದ ಚಾಚಾ. ಆದ್ರ ಕೈಯಾಗ ಕೊಡಂಗಿಲ್ಲ.'

'ಸಾಲಿ?'

'ಬಿಟ್ಟೇನ್ರಿ.'

ಈ ಎರಡು ಉತ್ತರಗಳು ನಮ್ಮನ್ನು ಬಹಳ ದಿನ ಕಾಡಿದವು. ಆಗ ನಾವು ಓದುತ್ತಿದ್ದುದು ಪಾಶ್ಚಾತ್ಯ ದೇಶಗಳ ದೊಡ್ಡ ವಾದ್ಯವೃಂದಗಳ ಬಗ್ಗೆ, ಅವು ತಮ್ಮ ಜೊತೆಗೇ ಕಟ್ಟಿಕೊಂಡಿರುವ ಎಳೆಯರ ವಾದ್ಯವೃಂದಗಳ ಬಗ್ಗೆ. ಅಲ್ಲಿಯೂ ಹುಡುಗ ಹಿರಿಯ ವಾದಕನ ಮಗ್ಗುಲಲ್ಲಿ ಕೂರುತ್ತಾನೆ, ಅವನ ಬೆರಳು ನೋಡುತ್ತಾನೆ. ಹಾಗಿದ್ದರೆ ಅವನಿಗೂ ನಮ್ಮ ಗಿಲಕಿಯ ಹುಡುಗನಿಗೂ ಇರುವ ವ್ಯತ್ಯಾಸವೇನು? ಬರಿಯ ಹಣದ್ದೇ? ವಾದ್ಯದ್ದೇ? ಈ ಲೇಖನದಲ್ಲಿ ಆ ಪ್ರಶ್ನೆಯನ್ನು ಸ್ವಲ್ಪ ಬಿಡಿಸಿ ನೋಡುವ ಪ್ರಯತ್ನ ಮಾಡಿದ್ದೇವೆ.

ಸಿಂಫನಿ ಆರ್ಕೆಸ್ಟ್ರಾ ಎಂದರೆ ನಮ್ಮ ಊರ ಗಣಪತಿ ಹಬ್ಬದಲ್ಲಿ ಸಿನಿಮಾ ಹಾಡು ಹಾಡುವ ಆರ್ಕೆಸ್ಟ್ರಾ ಅಲ್ಲ. ಎಂಬತ್ತು, ತೊಂಬತ್ತು, ಕೆಲವೊಮ್ಮೆ ನೂರು ಮಂದಿ ಒಟ್ಟಿಗೆ ಕೂತು, ಬರೆದಿಟ್ಟ ಸ್ವರಲಿಪಿಯನ್ನು ನೋಡಿ, ಒಬ್ಬ ನಿರ್ದೇಶಕನ ಕೈಸನ್ನೆಗೆ ನುಡಿಸುವ ವೃಂದ ಅದು. ಅದರಲ್ಲಿ ಪಿಟೀಲಿನ ಕುಟುಂಬವೇ ಅರ್ಧಕ್ಕಿಂತ ಹೆಚ್ಚು. ಉಳಿದವರು ಕೊಳಲು ಕ್ಲಾರಿನೆಟ್ಟಿನವರು, ಹಿತ್ತಾಳೆ ವಾದ್ಯದವರು, ನಗಾರಿಯವರು. ಇಂಥ ವೃಂದಕ್ಕೆ ಒಬ್ಬೊಬ್ಬ ವಾದಕ ತಯಾರಾಗಲು ಹತ್ತು ಹದಿನೈದು ವರ್ಷ ಬೇಕು. ಒಬ್ಬನೇ ಚೆನ್ನಾಗಿ ನುಡಿಸಬಲ್ಲವನಾದರೆ ಸಾಲದು. ಪಕ್ಕದವನ ಉಸಿರು ಕೇಳಿಸಿಕೊಂಡು ತನ್ನ ದನಿಯನ್ನು ತಗ್ಗಿಸುವುದೂ ಬರಬೇಕು. ಇದನ್ನು ಮನೆಯಲ್ಲಿ ಒಬ್ಬನೇ ಕೂತು ಕಲಿಯಲಾಗದು.

ಅಮೆರಿಕದ ಶಿಕಾಗೋ ಸಿಂಫನಿಗೆ ಈ ಸತ್ಯ ಒಂದು ಕಷ್ಟದ ಕಾಲದಲ್ಲಿ ಹೊಳೆಯಿತು. ಆವರೆಗೆ ಅಲ್ಲಿನ ವಾದಕರಲ್ಲಿ ಬಹುಪಾಲು ಜನ ಜರ್ಮನಿ ಮೊದಲಾದ ಯುರೋಪಿನ ದೇಶಗಳಿಂದ ಬಂದವರು. ಮೊದಲನೆಯ ಮಹಾಯುದ್ಧ ಆ ದಾರಿಯನ್ನು ಮುಚ್ಚಿತು. ಆಗ ಅದರ ನಿರ್ದೇಶಕ ಫ್ರೆಡರಿಕ್ ಸ್ಟಾಕ್ 1919ರಲ್ಲಿ ಸಿವಿಕ್ ಆರ್ಕೆಸ್ಟ್ರಾ ಎಂಬ ತರಬೇತಿ ವೃಂದವನ್ನು ಹುಟ್ಟುಹಾಕಿದ. ನಾಳೆ ನಮ್ಮ ಕುರ್ಚಿಯಲ್ಲಿ ಕೂರುವವರು ಯಾರು ಎಂಬ ಚಿಂತೆಯಿಂದ ಹುಟ್ಟಿದ ಸಂಸ್ಥೆ ಅದು. ಬರ್ಲಿನ್ ಫಿಲ್‌ಹಾರ್ಮೋನಿಕ್ 1972ರಲ್ಲಿ ತನ್ನ ಅಕಾಡೆಮಿ ಕಟ್ಟಿದ್ದೂ ಮುಂದಿನ ಪೀಳಿಗೆಯ ಇದೇ ಚಿಂತೆಯಿಂದ. ಇದು ದಾನಧರ್ಮವಲ್ಲ, ಮುಂದಾಲೋಚನೆ ಎಂಬುದನ್ನು ಗಮನಿಸಬೇಕು.

ನಮ್ಮ ದೇಶದಲ್ಲೂ ಅದೇ ಕಥೆ ನಡೆಯಿತು. 2006ರಲ್ಲಿ ಮುಂಬಯಿಯ ಎನ್‌ಸಿಪಿಎಯಲ್ಲಿ ಖುಶ್ರೂ ಸಂತೂಕ್ ಮತ್ತು ಕಝಾಕಿಸ್ತಾನದ ಪಿಟೀಲುವಾದಕ ಮರಾತ್ ಬಿಸೆಂಗಲೀವ್ ಸೇರಿ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾ ಆರಂಭಿಸಿದರು. ಹೆಸರಿನಲ್ಲಿ ಇಂಡಿಯಾ ಇತ್ತು, ಕುರ್ಚಿಗಳಲ್ಲಿ ಹೆಚ್ಚಾಗಿ ಹೊರದೇಶದವರಿದ್ದರು. ಇಲ್ಲಿಯ ಮಕ್ಕಳನ್ನು ಎಳೆವೆಯಿಂದಲೇ ತಯಾರು ಮಾಡದೆ ಗತ್ಯಂತರವಿಲ್ಲ ಎಂದಾಗಿ, ಆ ವೃಂದದ ವಾದಕರೇ ಕಲಿಸುವ ಅಕಾಡೆಮಿ ಅದರ ಜೊತೆಗೆ ಬೆಳೆಯಿತು. ಆದರೆ ಮುಂಬಯಿಯ ನರಿಮನ್ ಪಾಯಿಂಟಿಗೂ ಸವದತ್ತಿಯ ಸಂತೆಗೂ ಎಷ್ಟು ದೂರವೆಂದು ಓದುಗರಿಗೆ ಹೇಳಬೇಕಿಲ್ಲ.

ಬಡಮಕ್ಕಳಿಗೂ ಈ ಕುರ್ಚಿ ಸಿಗಬೇಕೆಂದು ಹೊರಟವರು ವೆನೆಜುವೆಲಾದ ಹೊಸೆ ಆಂಟೋನಿಯೊ ಅಬ್ರೂ. 1975ರಲ್ಲಿ ಬೆರಳೆಣಿಕೆಯ ಹುಡುಗರೊಂದಿಗೆ ಆರಂಭವಾದ ಅವರ 'ಎಲ್ ಸಿಸ್ಟೆಮಾ' ಲಕ್ಷಾಂತರ ಮಕ್ಕಳನ್ನು ಮುಟ್ಟಿತು. ಅಲ್ಲಿಂದ ಬಂದ ಗುಸ್ತಾವೋ ದುದಾಮೆಲ್ 2009ರಲ್ಲಿ ಲಾಸ್ ಏಂಜಲೀಸ್ ಫಿಲ್‌ಹಾರ್ಮೋನಿಕ್‌ನ ಸಂಗೀತ ನಿರ್ದೇಶಕನಾದ. ಆ ವೃಂದ 2007ರಲ್ಲೇ ಬಡ ಬಡಾವಣೆಗಳ ಮಕ್ಕಳಿಗಾಗಿ ಒಂದು ಯುವ ವಾದ್ಯವೃಂದವನ್ನು ಆರಂಭಿಸಿ, ವಾದ್ಯವನ್ನೂ ಪಾಠವನ್ನೂ ಉಚಿತವಾಗಿ ಕೊಟ್ಟಿತ್ತು. ಇದೆಲ್ಲ ಕೇಳಲು ಚೆಂದ. ಆದರೆ ಇದರ ಇನ್ನೊಂದು ಮುಖವನ್ನೂ ನೋಡಬೇಕು. ಜೆಫ್ರಿ ಬೇಕರ್ ಎಂಬ ಇಂಗ್ಲೆಂಡಿನ ವಿದ್ವಾಂಸ 2014ರಲ್ಲಿ ಬರೆದ ಪುಸ್ತಕದಲ್ಲಿ ವೆನೆಜುವೆಲಾದ ಈ ವ್ಯವಸ್ಥೆಯನ್ನು ಕಟುವಾಗಿ ವಿಮರ್ಶಿಸಿದ. ಅಲ್ಲಿ ಶಿಸ್ತಿನ ಹೆಸರಿನಲ್ಲಿ ದರ್ಪ ನಡೆಯುತ್ತದೆ, ಮಕ್ಕಳ ಮಾತಿಗೆ ಬೆಲೆಯಿಲ್ಲ ಎಂಬುದು ಅವನ ದೂರು. ಅವನು ಹೇಳಿದ್ದೆಲ್ಲವನ್ನೂ ಒಪ್ಪಬೇಕೆಂದಿಲ್ಲ. ಆದರೆ ಒಂದು ಪಾಠವಂತೂ ಇದೆ. ಹಿರಿಯರ ಮಗ್ಗುಲಲ್ಲಿ ಜಾಗ ಕೊಟ್ಟ ಮಾತ್ರಕ್ಕೆ ಮಗುವಿಗೆ ನ್ಯಾಯ ಸಿಕ್ಕಿತೆಂದು ತಿಳಿಯಲಾಗದು.

ಇನ್ನು ನಮ್ಮ ಸೀಮೆಗೆ ಬರೋಣ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ - ಈ ನಾಲ್ಕು ತಾಲೂಕುಗಳಲ್ಲಿ ಸಿಂಫನಿ ಎಂದೂ ಇರಲಿಲ್ಲ. ಆದರೆ ವೃತ್ತಿಪರರ ಮಗ್ಗುಲಲ್ಲಿ ಮಕ್ಕಳು ಕೂತು ಕಲಿಯುವ ಪದ್ಧತಿ ಇರಲಿಲ್ಲವೆಂದರೆ ಅದು ಸುಳ್ಳು. ರಾಮದುರ್ಗದ ನೇಕಾರರ ಓಣಿಯಲ್ಲಿ ಕಂಡಿಕೆ ಸುತ್ತುತ್ತ ಸುತ್ತುತ್ತಲೇ ಮಕ್ಕಳು ಮಗ್ಗ ಕಲಿತರು. ಹಾಗೆಯೇ ನಾಟಕ ಕಂಪನಿಗಳಲ್ಲಿ ಬಾಲಪಾತ್ರ ಹಾಕುತ್ತ ಹಾಕುತ್ತಲೇ ಹುಡುಗರು ಸಂಗೀತ ಕಲಿತರು. ಕಂಪನಿಯೆಂದರೆ ಅಲ್ಲಿ ಪೇಟಿ ಮಾಸ್ತರರು, ತಬಲಾದವರು ಇರುತ್ತಿದ್ದರು. ರಾತ್ರಿಯಿಡೀ ನಾಟಕ, ಹಗಲು ತಾಲೀಮು. ಸವದತ್ತಿ ತಾಲೂಕಿನ ಏಣಗಿಯ ಒಕ್ಕಲುತನದ ಮನೆಯಲ್ಲಿ 1914ರಲ್ಲಿ ಹುಟ್ಟಿದ ಬಾಳಪ್ಪನವರು ಹೀಗೆ ಕಂಪನಿ ಸೇರಿದವರು. ಹುಡುಗನಾಗಿದ್ದಾಗ ಸ್ತ್ರೀಪಾತ್ರ ಮಾಡಿದರು, ಹಾಡಿದರು, ಮುಂದೆ 'ಕಲಾವೈಭವ ನಾಟ್ಯ ಸಂಘ'ದ ಮಾಲೀಕರಾದರು. 2017ರಲ್ಲಿ ನೂರು ದಾಟಿದ ವಯಸ್ಸಿನಲ್ಲಿ ತೀರಿಕೊಂಡಾಗ ಅವರೊಂದಿಗೆ ಒಂದು ಸಂಪೂರ್ಣ ವಿಶ್ವವಿದ್ಯಾಲಯವೇ ಹೋಯಿತೆಂದರೆ ಅತಿಶಯೋಕ್ತಿಯಲ್ಲ. ಧಾರವಾಡದ ಬಳಿಯ ಮನಸೂರಿನ ಮಲ್ಲಿಕಾರ್ಜುನರೂ ಎಳೆಯ ವಯಸ್ಸಿನಲ್ಲಿ ನಾಟಕದಲ್ಲಿ ಹಾಡಿದವರೇ. ಆ ಹಾಡು ಕೇಳಿಯೇ ಗುರುಗಳು ಅವರನ್ನು ಕರೆದುಕೊಂಡು ಹೋದದ್ದು.

ಯುವ ವಾದ್ಯವೃಂದಕ್ಕೆ ಕನ್ನಡ ನಾಡಿನಲ್ಲಿ ಅತ್ಯಂತ ಹತ್ತಿರದ ಉದಾಹರಣೆ ಯಾವುದೆಂದು ಯಾರಾದರೂ ಕೇಳಿದರೆ ನಾವು ಗದಗಿನ ಕಡೆ ಬೆರಳು ತೋರಿಸುತ್ತೇವೆ. ಪಂಚಾಕ್ಷರಿ ಗವಾಯಿಗಳು (1892-1944) ಕಣ್ಣಿಲ್ಲದವರು. ಕಣ್ಣಿಲ್ಲದ, ಕೂಳಿಲ್ಲದ ಮಕ್ಕಳನ್ನು ಕಟ್ಟಿಕೊಂಡು ಊರೂರು ತಿರುಗುತ್ತ ಕಲಿಸಿದರು, ಕೊನೆಗೆ ಗದಗಿನಲ್ಲಿ ವೀರೇಶ್ವರ ಪುಣ್ಯಾಶ್ರಮವಾಗಿ ನೆಲೆಯೂರಿದರು. ಅವರ ವಿಶೇಷ ಇರುವುದು ಪಾಠಶಾಲೆಯ ಜೊತೆಗೇ ನಾಟಕ ಕಂಪನಿಯನ್ನು ನಡೆಸಿದ್ದರಲ್ಲಿ. ಕಲಿಯುವ ಹುಡುಗ ಅಲ್ಲಿ ಜನರ ಎದುರಿಗೆ ಹಿರಿಯರ ಜೊತೆ ನುಡಿಸಿದ. ಅವರ ನಂತರ ಪುಟ್ಟರಾಜ ಗವಾಯಿಗಳು 2010ರಲ್ಲಿ ತೀರಿಕೊಳ್ಳುವವರೆಗೂ ಈ ಪರಂಪರೆಯನ್ನು ನಡೆಸಿದರು. ಬಸವರಾಜ ರಾಜಗುರು ಅವರಿಂದ ಹಿಡಿದು ವೆಂಕಟೇಶ ಕುಮಾರ್ ಅವರವರೆಗೆ ಅಲ್ಲಿಂದ ಹೊರಬಂದವರ ಹೆಸರು ಹೇಳಿದರೆ ಸಾಕು, ಆ ಮಗ್ಗುಲ ಜಾಗದ ಬೆಲೆ ತಿಳಿಯುತ್ತದೆ. ಯಾವ ಪ್ರಖ್ಯಾತ ಅಕಾಡೆಮಿಗೂ ಇದು ಕಡಿಮೆಯದಲ್ಲ. ಅಂಧ ಮಗು ಭಿಕ್ಷೆಯ ತಟ್ಟೆ ಬಿಟ್ಟು ತಬಲಾದ ಮುಂದೆ ಕೂತದ್ದು ಅದಕ್ಕಿಂತ ಒಂದು ಕೈ ಮೇಲೆಂದೇ ನಮ್ಮ ಅಭಿಪ್ರಾಯ.

ಇದೇ ಮಾತನ್ನು ಉಸ್ತಾದರ ಬಗ್ಗೆಯೂ ಹೇಳಬೇಕು. ಕಿರಾನಾದ ಅಬ್ದುಲ್ ಕರೀಂ ಖಾನ್ ಸಾಹೇಬರು 1913ರಲ್ಲಿ ಪುಣೆಯಲ್ಲಿ ಆರ್ಯ ಸಂಗೀತ ವಿದ್ಯಾಲಯ ತೆರೆದರು. ಹೆಸರು ನೋಡಿ, ತೆರೆದವರನ್ನೂ ನೋಡಿ! ಅವರು ಕುಂದಗೋಳದ ರಾಮಭಾವುಗೆ ಕಲಿಸಿದರು, ರಾಮಭಾವು ಸವಾಯಿ ಗಂಧರ್ವರಾದರು. ಆ ಸವಾಯಿ ಗಂಧರ್ವರಲ್ಲಿಗೆ ಹುಬ್ಬಳ್ಳಿಯಿಂದ ರೈಲು ಹತ್ತಿ ಹೋಗಿ ಕಲಿತವರು ಗಂಗೂಬಾಯಿ ಹಾನಗಲ್. ಅಲ್ಲಾದಿಯಾ ಖಾನರ ಮಕ್ಕಳಾದ ಮಂಜಿ ಖಾನ್, ಭುರ್ಜಿ ಖಾನ್ ಇಬ್ಬರೂ ಮಲ್ಲಿಕಾರ್ಜುನ ಮನಸೂರರಿಗೆ ತಮ್ಮ ಮನೆತನದ ವಿದ್ಯೆಯನ್ನು ಬಿಚ್ಚಿ ಕೊಟ್ಟರು. ಸಿತಾರದ ರಹಿಮತ್ ಖಾನರು ಧಾರವಾಡವನ್ನೇ ಮನೆ ಮಾಡಿಕೊಂಡರು, ಅವರ ಮಕ್ಕಳು ಮೊಮ್ಮಕ್ಕಳು ಈ ಸೀಮೆಯ ಮಕ್ಕಳ ಕೈಗೆ ಮಿಜರಾಬ್ ತೊಡಿಸಿದರು. ಮೊಮ್ಮಗ ಬಾಲೇ ಖಾನರು 2007ರಲ್ಲಿ ತೀರಿಕೊಂಡರು. ಮಿರಜಿನ ಮುಸ್ಲಿಂ ಕುಶಲಕರ್ಮಿಗಳು ಕುಂಬಳಬುರುಡೆಯಿಂದ ಮಾಡುವ ಸಿತಾರ, ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಸೂಚಿಯ ಮನ್ನಣೆ ಸಿಕ್ಕಿತು. ಕಲಿಸಿದ ಉಸ್ತಾದರು ನಮ್ಮವರು, ವಾದ್ಯ ಮಾಡಿದ ಕೈಗಳು ನಮ್ಮವು. ಆದರೆ ಇವತ್ತು ಈ ನಾಲ್ಕು ತಾಲೂಕುಗಳ ನಮ್ಮ ಓಣಿಗಳಲ್ಲಿ ಸಂಗೀತ ಕಲಿಯಲು ಹೋಗುವ ಮಕ್ಕಳನ್ನು ಹುಡುಕಿದರೆ ಎಷ್ಟು ಮಂದಿ ಸಿಕ್ಕಾರು?

ಇದಕ್ಕೆ ಎರಡು ಕಾರಣಗಳು ನಮಗೆ ಕಾಣುತ್ತವೆ. ಮೊದಲನೆಯದು ಧರ್ಮದ ಪ್ರಶ್ನೆ. ಸಂಗೀತ ಸಲ್ಲದೆಂದು ಹೇಳುವ ಉಲೇಮಾಗಳಿದ್ದಾರೆ, ಆ ಅಭಿಪ್ರಾಯಕ್ಕೆ ಉದ್ದನೆಯ ಇತಿಹಾಸವೂ ಇದೆ. ಇಬ್ನುಲ್ ಜೌಝಿಯಂಥವರು ಸೂಫಿಗಳ ಸಮಾವನ್ನು ಕಠಿಣವಾಗಿ ಖಂಡಿಸಿದರು. ಆದರೆ ಇಮಾಂ ಗಝಾಲಿಯವರು ತಮ್ಮ 'ಇಹ್ಯಾ'ದಲ್ಲಿ ಸಮಾದ ಬಗ್ಗೆ ಒಂದು ಅಧ್ಯಾಯವನ್ನೇ ಬರೆದು, ಯಾವ ಸ್ಥಿತಿಯಲ್ಲಿ ಸಲ್ಲುತ್ತದೆ, ಯಾವ ಸ್ಥಿತಿಯಲ್ಲಿ ಸಲ್ಲದು ಎಂದು ಬಿಡಿಸಿ ಹೇಳಿದರು. ಚಿಶ್ತಿಯರು ಸಮಾವನ್ನು ಕೈಬಿಡಲಿಲ್ಲ. ನಾವು ಫತ್ವಾ ಕೊಡುವವರಲ್ಲ. ಭಿನ್ನಾಭಿಪ್ರಾಯ ಹಿರಿಯರಲ್ಲೇ ಇರುವಾಗ ಒಂದು ಮಗುವಿನ ಕೈಯಿಂದ ಪೇಟಿ ಕಸಿದುಕೊಳ್ಳುವ ಅವಸರ ನಮಗೆ ಬೇಡ ಎಂಬುದಷ್ಟೇ ನಮ್ಮ ವಿನಂತಿ. ಆ ಅವಸರ ಎಲ್ಲಿಗೆ ಮುಟ್ಟುತ್ತದೆ ಎಂಬುದನ್ನು ಕಾಬೂಲ್ ತೋರಿಸಿದೆ. ಅಹ್ಮದ್ ಸರ್ಮಸ್ತ್ ಎಂಬವರು 2010ರಲ್ಲಿ ಅಲ್ಲಿ ರಾಷ್ಟ್ರೀಯ ಸಂಗೀತ ಶಾಲೆ ತೆರೆದಿದ್ದರು. ಅನಾಥ ಮಕ್ಕಳು, ಹೆಣ್ಣುಮಕ್ಕಳು ರಬಾಬನ್ನೂ ಪಿಟೀಲನ್ನೂ ಒಟ್ಟಿಗೆ ನುಡಿಸಿದರು. 'ಝೊಹ್ರಾ' ಎಂಬ ಹೆಣ್ಣುಮಕ್ಕಳದೇ ವೃಂದ ಹುಟ್ಟಿತು. 2021ರಲ್ಲಿ ತಾಲಿಬಾನ್ ಬಂದ ಮೇಲೆ ಆ ಮಕ್ಕಳು ಪೋರ್ಚುಗಲ್ಲಿಗೆ ವಲಸೆ ಹೋಗಬೇಕಾಯಿತು. ಇದಕ್ಕೆ ಎದುರಾಗಿ ಇನ್ನೊಂದು ಚಿತ್ರವಿದೆ. ಪ್ಯಾಲೆಸ್ತೀನಿನಲ್ಲಿ ಹುಟ್ಟಿದ ಚಿಂತಕ ಎಡ್ವರ್ಡ್ ಸೈದ್ ಮತ್ತು ಯಹೂದಿ ಸಂಗೀತಗಾರ ಡೇನಿಯಲ್ ಬಾರೆನ್‌ಬಾಯ್ಮ್ 1999ರಲ್ಲಿ ಅರಬ್ ಮತ್ತು ಇಸ್ರೇಲಿ ಯುವಕರನ್ನು ಒಂದೇ ವೃಂದದಲ್ಲಿ ಕೂರಿಸಿದರು. ಹಾಫಿಝನನ್ನು ಓದಿ ಮರುಳಾದ ಜರ್ಮನ್ ಕವಿ ಗಯಟೆಯ ಕವನ ಸಂಕಲನದ ಹೆಸರನ್ನೇ ಆ ವೃಂದಕ್ಕಿಟ್ಟರು. ಅದರಿಂದ ಯುದ್ಧ ನಿಲ್ಲಲಿಲ್ಲ. ಆದರೆ ಶತ್ರುವಿನ ಪಕ್ಕದಲ್ಲಿ ಕೂತು ಅವನ ಸ್ವರಕ್ಕೆ ತನ್ನ ಸ್ವರ ಹೊಂದಿಸುವುದು ಸಾಧ್ಯ ಎಂಬುದನ್ನು ಆ ಹುಡುಗರು ಲೋಕಕ್ಕೆ ತೋರಿಸಿದರು.

ಹಿರಿಯರ ಮಗ್ಗುಲಲ್ಲಿ ಕೂತು ಕಲಿಯುವುದರ ಮಹತ್ವವನ್ನು ನಮ್ಮ ಸಮುದಾಯಕ್ಕೆ ಹೊಸದಾಗಿ ಯಾರೂ ಹೇಳಿಕೊಡಬೇಕಿಲ್ಲ. ನಾವು ಬೆಳಿಗ್ಗೆ ಮಕ್ತಬದಲ್ಲಿ ಉಸ್ತಾದರ ಮುಂದೆ, ಹಗಲು ಶಾಲೆಯಲ್ಲಿ ಮಾಸ್ತರರ ಮುಂದೆ ಕೂತವರು. ಕಿರಾಅತ್ ಸಂಗೀತವಲ್ಲ, ಅದನ್ನು ಹಾಗೆ ಕರೆಯುವುದೂ ತಪ್ಪು. ಆದರೆ 'ಐನ್' ಗಂಟಲಿನ ಯಾವ ಜಾಗದಿಂದ ಬರುತ್ತದೆ ಎಂಬುದನ್ನು ಪುಸ್ತಕ ಕಲಿಸುವುದಿಲ್ಲ. ಉಸ್ತಾದರ ಬಾಯಿ ನೋಡಿ, ಅವರ ದನಿ ಕೇಳಿ ಕಲಿಯಬೇಕು. ಅವರು ಅವರ ಉಸ್ತಾದರಿಂದ, ಅವರು ಅವರ ಉಸ್ತಾದರಿಂದ. ಈ ಸನದಿನ ಸರಪಳಿಯ ಬೆಲೆ ಬಲ್ಲವರು ನಾವು. ಘರಾನೆಯೆಂದರೂ ಇಂಥದೇ ಒಂದು ಸರಪಳಿ ತಾನೆ?

ಎರಡನೆಯ ಕಾರಣ ನಾವು ಬಾಯಿ ಬಿಟ್ಟು ಹೇಳದಿರುವ ಕಾರಣ. 'ಬಾಜಾದವರು' ಎಂಬ ತಾತ್ಸಾರ. ಬ್ಯಾಂಡಿನವರಿಲ್ಲದೆ ನಮ್ಮ ಮದುವೆ ಆಗದು, ಆದರೆ ಬ್ಯಾಂಡಿನವನಿಗೆ ಹೆಣ್ಣು ಕೊಡಲು ನಾವು ಸಿದ್ಧರಿಲ್ಲ. ಇದು ಮುಸ್ಲಿಮರದೊಂದೇ ರೋಗವಲ್ಲ. ಸನಾದಿ ಕೊರವರ ಹುಡುಗನಿಗೆ, ಹಲಗಿ ದಲಿತರ ಹುಡುಗನಿಗೆ ಎಂದು ಊರು ಮೊದಲೇ ಬರೆದಿಟ್ಟಿದೆ. ಆ ಹುಡುಗನೂ ತಂದೆಯ ಮಗ್ಗುಲಲ್ಲೇ ಕಲಿಯುತ್ತಾನೆ, ಅದ್ಭುತವಾಗಿ ಕಲಿಯುತ್ತಾನೆ. ಆದರೆ ಅವನು ಅದನ್ನು ಆರಿಸಿಕೊಳ್ಳಲಿಲ್ಲ. ಬೇರೆಯವರ ಮಗನಿಗೆ ಅಲ್ಲಿ ಕೂರಲು ಅವಮಾನ, ಅವನಿಗೆ ಅಲ್ಲಿಂದ ಏಳಲು ಅಪ್ಪಣೆಯಿಲ್ಲ.

ಈ ಮಾತಿನ ಕ್ರೂರವಾದ ರೂಪವನ್ನು ಕಂಡದ್ದು ಸವದತ್ತಿಯ ಎಲ್ಲಮ್ಮನ ಗುಡ್ಡ. ಚೌಡಿಕೆಯ ಮೇಳದಂಥ ಹಾಡಿಕೆ ನಾಡಿನಲ್ಲಿ ಅಪರೂಪ. ಒಂದೇ ತಂತಿಯಿಂದ ಅಷ್ಟು ದುಃಖವನ್ನೂ ಅಷ್ಟು ಭಕ್ತಿಯನ್ನೂ ಎಬ್ಬಿಸುವ ವಾದ್ಯ ಅದು. ಹಿರಿಯ ಜೋಗತಿಯ ಮಗ್ಗುಲಲ್ಲಿ ಎಳೆಯ ಹುಡುಗಿ ಕೂತು ಕಲಿತಳು. ಆದರೆ ಅವಳು ಅಲ್ಲಿಗೆ ಬಂದದ್ದು ಕೊರಳಿಗೆ ಮುತ್ತು ಕಟ್ಟಿಸಿಕೊಂಡು. ಆ ಮುತ್ತು ಅವಳ ಬದುಕನ್ನೇ ಒತ್ತೆಯಿಟ್ಟಿತು. 1982ರ ದೇವದಾಸಿ ಸಮರ್ಪಣೆ ನಿಷೇಧ ಕಾಯ್ದೆ ಅದನ್ನು ಅಪರಾಧವೆಂದಿತು. ಸರಿಯಾಗಿಯೇ ಅಂದಿತು. ಚೌಡಿಕೆಯ ಪದ ಉಳಿಯಬೇಕೆಂಬ ಪ್ರೀತಿಯಲ್ಲಿ ಯಾರೂ ಮುತ್ತು ಕಟ್ಟುವುದನ್ನು ಸಮರ್ಥಿಸಲಾರರು. ಪದವೂ ಉಳಿಯಬೇಕು, ಹುಡುಗಿಯೂ ಉಳಿಯಬೇಕು. ಇದು ಹೇಗೆ ಎಂಬುದೇ ನಮ್ಮ ಮುಂದಿರುವ ನಿಜವಾದ ಪ್ರಶ್ನೆ.

ಇಲ್ಲಿಗೆ ನಾವು ಆರಂಭದ ಪ್ರಶ್ನೆಗೆ ಮರಳುತ್ತೇವೆ. ಶಿಕಾಗೋದ ಹುಡುಗನಿಗೂ ಬೈಲಹೊಂಗಲದ ಗಿಲಕಿಯ ಹುಡುಗನಿಗೂ ಇರುವ ವ್ಯತ್ಯಾಸ ಪಿಟೀಲು, ಗಿಲಕಿಗಳದ್ದಲ್ಲ. ಶಿಕಾಗೋದವನ ವೃಂದಕ್ಕೆ ಎರಡು ಬಾಗಿಲುಗಳಿವೆ. ಪರೀಕ್ಷೆ ಕೊಟ್ಟು ಒಂದರಿಂದ ಒಳಗೆ ಬರುತ್ತಾನೆ, ಬೇಕಾದರೆ ಇನ್ನೊಂದರಿಂದ ಹೊರಗೆ ಹೋಗಿ ಡಾಕ್ಟರನೋ ಮೇಷ್ಟ್ರೋ ಆಗುತ್ತಾನೆ. ಹೋದರೂ ಒಳ್ಳೆಯ ಕೇಳುಗನಾಗಿ ಉಳಿಯುತ್ತಾನೆ. ನಮ್ಮ ಪರಂಪರೆಯಲ್ಲಿ ಮಗ್ಗುಲ ಜಾಗ ಧಾರಾಳವಾಗಿತ್ತು. ಆದರೆ ಬಾಗಿಲುಗಳು ಬಹಳ ಮಂದಿಗೆ ಮುಚ್ಚಿಯೇ ಇದ್ದವು. ಗದಗಿನ ಆಶ್ರಮದ ಹಿರಿಮೆ ಇರುವುದು ಅದು ಜಾತಿ ಕೇಳದೆ ಒಂದು ಬಾಗಿಲನ್ನಾದರೂ ಪೂರ್ತಿ ತೆರೆದದ್ದರಲ್ಲಿ. ಅಬ್ದುಲ್ ಕರೀಂ ಖಾನರ ಹಿರಿಮೆಯೂ ಅದೇ.

ಇವತ್ತಿನ ಉತ್ಸವ ಸಂಸ್ಕೃತಿ ಏನು ಕೊಡುತ್ತಿದೆ? 1824ರ ಅಕ್ಟೋಬರ್ 23ರಂದು ರಾಣಿ ಚೆನ್ನಮ್ಮ ಥ್ಯಾಕರೆಯ ಸೈನ್ಯವನ್ನು ಸೋಲಿಸಿದ ನೆನಪಿಗೆ ಕಿತ್ತೂರಿನಲ್ಲಿ ಪ್ರತಿವರ್ಷ ಮೂರು ದಿನಗಳ ಉತ್ಸವ ನಡೆಯುತ್ತದೆ. 2024ರಲ್ಲಿ ಆ ಗೆಲುವಿಗೆ ಇನ್ನೂರು ವರ್ಷ ತುಂಬಿತು. ನಮ್ಮ ನಾಡಿನ ಸರಕಾರಿ ಉತ್ಸವಗಳ ಸಾಮಾನ್ಯ ರೀತಿ ಎಲ್ಲರಿಗೂ ಗೊತ್ತು. ಕರಡಿ ಮಜಲು, ಡೊಳ್ಳು, ಹಲಗಿ, ಸನಾದಿಯವರು ಬಿಸಿಲಲ್ಲಿ ಮೆರವಣಿಗೆಗೆ, ರಾತ್ರಿಯ ದೀಪದ ವೇದಿಕೆ ಸಿನಿಮಾ ಗಾಯಕರಿಗೆ. ಶಾಲಾ ಮಕ್ಕಳಿಗೆ ಧ್ವನಿಮುದ್ರಿತ ಹಾಡಿಗೆ ಕುಣಿಯುವ ಹತ್ತು ನಿಮಿಷ. ಮಕ್ಕಳು ಒಂದು ಕಡೆ, ಹಿರಿಯ ಕಲಾವಿದರು ಇನ್ನೊಂದು ಕಡೆ. ಇಬ್ಬರೂ ಒಂದೇ ಊರಲ್ಲಿ ಮೂರು ದಿನ ಇದ್ದೂ ಒಬ್ಬರ ಪಕ್ಕದಲ್ಲಿ ಒಬ್ಬರು ಕೂರುವುದಿಲ್ಲ. ಇದಕ್ಕಿಂತ ದೊಡ್ಡ ನಷ್ಟ ಬೇರೆ ಇಲ್ಲ.

ಹೀಗೆ ಮಾಡಿದರೆ ಹೇಗೆ? ಬೇಸಿಗೆ ರಜೆಯಲ್ಲಿ ನಾಲ್ಕೂ ತಾಲೂಕುಗಳಿಂದ, ಎಲ್ಲ ಓಣಿಗಳಿಂದ, ಉರ್ದು ಶಾಲೆಗಳಿಂದಲೂ ಕನ್ನಡ ಶಾಲೆಗಳಿಂದಲೂ, ಹುಡುಗ ಹುಡುಗಿಯರನ್ನು ಕಿವಿ ನೋಡಿ ಆರಿಸುವುದು. ಜಾತಿ ನೋಡಿಯಲ್ಲ. ಸನಾದಿಯವರನ್ನು, ಸಂಬಾಳದವರನ್ನು, ಚೌಡಿಕೆಯ ಹಿರಿಯ ಹೆಂಗಸರನ್ನು, ಮೊಹರಮ್ಮಿನ ರಿವಾಯತ್ ಹಾಡುವವರನ್ನು, ಬ್ಯಾಂಡಿನ ಕ್ಲಾರಿನೆಟ್ ಉಸ್ತಾದರನ್ನು ಗುರುಗಳೆಂದು ಕರೆದು, ಗುರುಗಳಿಗೆ ಸಲ್ಲುವ ಸಂಬಳ ಕೊಟ್ಟು ಕೂರಿಸುವುದು. ಮಗುವಿನ ಶಾಲೆ ತಪ್ಪಬಾರದು, ಮಗು ದುಡಿಯಬಾರದು. ಬಿಡಬೇಕೆನಿಸಿದರೆ ಬಿಡುವ ಹಕ್ಕೂ ಅದಕ್ಕಿರಬೇಕು. ಅಕ್ಟೋಬರಿನಲ್ಲಿ ಕಿತ್ತೂರಿನ ವೇದಿಕೆಯ ಮೇಲೆ, ಮಧ್ಯಾಹ್ನವಲ್ಲ, ರಾತ್ರಿ ದೀಪದ ಬೆಳಕಿನಲ್ಲಿ, ಪ್ರತಿ ಹಿರಿಯರ ಮಗ್ಗುಲಲ್ಲಿ ಒಂದು ಮಗು. ಇದಕ್ಕೆ ಬೇಕಾಗುವ ಹಣಕ್ಕಿಂತ ಮನಸ್ಸು ದೊಡ್ಡದು.

ಇದರಿಂದ ಹತ್ತು ಮಂದಿ ಮನಸೂರರು ಹುಟ್ಟುತ್ತಾರೆಂದು ನಾವು ಹೇಳುವುದಿಲ್ಲ. ಆದರೆ ಸನಾದಿ ಊದಿದ ಬಣಜಿಗರ ಹುಡುಗ ಮುಂದೆ ಸನಾದಿಯವರನ್ನು ಅಂಗಳದ ಹೊರಗೆ ನಿಲ್ಲಿಸಲಾರ. ರಿವಾಯತ್ ಕಲಿತ ರೆಡ್ಡೇರ ಹುಡುಗಿ ಮೊಹರಮ್ಮನ್ನು ಅನ್ಯರ ಹಬ್ಬವೆಂದು ತಿಳಿಯಲಾರಳು. ಹಲಗಿಯವರ ಮಗ ಪಾಟೀಚೀಲ ಹಿಡಿದು ಕಾಲೇಜಿಗೆ ಹೋದರೆ ಹಲಗಿ ಸತ್ತಿತೆಂದು ಯಾರೂ ಅಳಬೇಕಿಲ್ಲ, ಏಕೆಂದರೆ ಅದು ಆಗ ಊರಿನೆಲ್ಲರ ಕೈಯಲ್ಲಿರುತ್ತದೆ.

ಆ ಮದುವೆಯ ದಿನ ಊಟ ಮುಗಿದ ಮೇಲೆ ಬ್ಯಾಂಡಿನವರು ನೆರಳಿಗೆ ಮಲಗಿದರು. ಕ್ಲಾರಿನೆಟ್ಟನ್ನು ಹಿರಿಯರು ಬಟ್ಟೆ ಸುತ್ತಿ ತಲೆದೆಸೆಗೆ ಇಟ್ಟುಕೊಂಡಿದ್ದರು. ಹುಡುಗ ಅದರ ಹತ್ತಿರವೇ ಕೂತಿದ್ದ. ಮುಟ್ಟಲಿಲ್ಲ. ತನ್ನ ಮೊಣಕಾಲಿನ ಮೇಲೆ ಬೆರಳುಗಳನ್ನು ಒಂದೊಂದಾಗಿ ಎತ್ತಿ ಇಳಿಸುತ್ತಿದ್ದ.